ಒಣಹಳ್ಳದ ವಿದ್ಯೆ

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿಯೂ ಅದರ ನೆರೆಯ ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿಯೂ ಚೈತ್ರ ವೈಶಾಖಗಳಲ್ಲಿ ಅಡ್ಡಾಡಿದವರಿಗೆ ಅಲ್ಲಿ ಹಳ್ಳಗಳುಂಟೆಂಬ ಸಂಗತಿಯೇ ಸುಲಭವಾಗಿ ಗೋಚರಿಸುವುದಿಲ್ಲ. ಒಣಗಿ ಕಂದಿದ ಹುಲ್ಲಿನ ನಡುವೆ ಮರಳಿನ ಪಟ್ಟೆಯೊಂದು ಬಾಗಿ ಬಳುಕಿ ಹೋಗಿರುವುದನ್ನು ಕಂಡು ಬಂಡಿಯ ಜಾಡೆಂದು ಭ್ರಮಿಸುವುದೂ ಉಂಟು. ವರ್ಷಕ್ಕೆ ಸುಮಾರು 500 ಮಿಲಿಮೀಟರಿನ ಆಚೀಚೆ ಮಳೆ ಬೀಳುವ, ಆ ಮಳೆಯಲ್ಲಿಯೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಗಳ ಕೆಲವೇ ದಿನಗಳಲ್ಲಿ ಸುರಿದು ತೀರುವ ಈ ಸೀಮೆಯಲ್ಲಿ ಹಳ್ಳವು ಒಂದು ಸಂಜೆ ಕೆಮ್ಮಣ್ಣಿನ ಬಣ್ಣದ ಪ್ರವಾಹವಾಗಿ ಬಂದು, ಎರಡು ಮೂರು ಗಂಟೆಯೊಳಗೆ ಇಳಿದು, ಮರುದಿನ ಮರಳಿನಡಿಯ ತೇವವಾಗಿ, ಆಮೇಲೆ ಒರತೆ ತೋಡಿದರೆ ಮಾತ್ರ ಸಿಕ್ಕುವ ನೀರಾಗಿ ಪರಿಣಮಿಸುತ್ತದೆ. ಮೊಳಕಾಲ್ಮೂರು ಸೀಮೆಯಲ್ಲಿಯೂ ಇದೇ ಕಥೆ. ಅಲ್ಲಿ ಚಿನ್ನಹಗರಿಗೆ ಅಡ್ಡವಾಗಿ ರಂಗಯ್ಯನದುರ್ಗದ ಜಲಾಶಯವಿದ್ದರೂ ಸಣ್ಣ ಸರುವುಗಳ ಸ್ವಭಾವ ಬೇರೆಯಾಗಿಲ್ಲ. ಇಂಥ ಹಳ್ಳಗಳನ್ನು ಸುಸ್ಥಿತಿಗೆ ತರುವ ಕಾರ್ಯವನ್ನೂ, ಅವುಗಳ ಮೂಲಕ ನೆಲದೊಳಕ್ಕೆ ಇಳಿಯುವ ನೀರಿನ ಗುಣವನ್ನು ಕಾಯುವ ಕಾರ್ಯವನ್ನೂ ಕೈಗೊಳ್ಳಬೇಕಾದವರಿಗೆ ನಮ್ಮಲ್ಲಿ ಎಂಥ ಶಿಕ್ಷಣವು ದೊರೆತಿದೆ, ದೊರೆಯುತ್ತಿದೆ, ಅದರಲ್ಲಿ ಯಾವುದು ಉಳಿಸಿಕೊಳ್ಳತಕ್ಕದ್ದು, ಯಾವುದು ಈ ನೆಲಕ್ಕೆ ಒಗ್ಗದ್ದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನನಗೆ ತೋರುವ ಮುಖ್ಯ ದೋಷವನ್ನು ಮೊದಲೇ ಹೇಳಿಬಿಡುತ್ತೇನೆ: ತಡೆಗಟ್ಟೆ ಕಟ್ಟುವವರಿಗೆ ನೀರಿನ ಪರೀಕ್ಷೆ ತಿಳಿಯದು, ನೀರನ್ನು ಪರೀಕ್ಷಿಸುವವರಿಗೆ ಹಳ್ಳ ತಿಳಿಯದು, ಹಳ್ಳವನ್ನು ಬಲ್ಲವರನ್ನು ಯಾವ ತರಬೇತಿ ಸಂಸ್ಥೆಯೂ ಉಪಾಧ್ಯಾಯರೆಂದು ಕರೆದು ಕೂರಿಸಿಲ್ಲ.

ಹಿಂದಿನವರು ಈ ವಿದ್ಯೆಯನ್ನು ಹೀಗೆ ತುಂಡರಿಸಿರಲಿಲ್ಲವೆಂಬುದಕ್ಕೆ ಆಧಾರ ದೂರವೇನೂ ಇಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು, ಅಂದರೆ ಭವದೂರನು, ಕಟ್ಟಿಸಿದ ಕೆರೆಯ ಬಳಿ 1369ರ ಒಂದು ಸಂಸ್ಕೃತ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಟ್ಟಬಹುದಾದ ಆರು ದೋಷಗಳನ್ನೂ ಅದು ಕ್ರಮವಾಗಿ ಎಣಿಸುತ್ತದೆ. ಧರ್ಮವಂತನೂ ಧನವಂತನೂ ಆದ ದೊರೆ ಮೊದಲನೆಯ ಸಾಧನವಾದರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನು ಎರಡನೆಯವನು. ನಡುವೆ ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ನೇರವಾದ ಕಲ್ಲು ಸಿಕ್ಕುವ ಗಣಿ ಮೊದಲಾದವುಗಳು ಬಂದು, ಕಟ್ಟುವ ಕೆಲಸದಲ್ಲಿ ನುರಿತ ಆಳುಗಳ ತಂಡವು ಹನ್ನೆರಡನೆಯದಾಗಿ ನಿಲ್ಲುತ್ತದೆ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದನ್ನೂ, ಚೌಳುಮಣ್ಣನ್ನೂ, ಸ್ವಲ್ಪ ನೀರಿಗೆ ವಿಸ್ತಾರವಾದ ಗದ್ದೆಯನ್ನು ಕಲ್ಪಿಸುವುದನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿರುವುದು ಗಮನಾರ್ಹ. ಎಷ್ಟು ನೀರು ಎಂಬ ಪ್ರಶ್ನೆಯನ್ನೂ ಎಂಥ ನೀರು ಎಂಬ ಪ್ರಶ್ನೆಯನ್ನೂ ಶಾಸನಕಾರನು ಎರಡು ಇಲಾಖೆಗಳಿಗೆ ಹಂಚಲಿಲ್ಲ. ಶಾಸ್ತ್ರಜ್ಞನ ಜ್ಞಾನವನ್ನೂ ಕೂಲಿಯವರ ಕೈಚಳಕವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದನು.

ವರವು ಕಾವಲಿಗೆ ಸಮೀಪದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳು ಐದು ಕೆರೆಗಳನ್ನು ಕಟ್ಟಿಸಿದರೆಂದೂ, ಕೂಲಿಯವರಿಗೆ ಅವರವರು ಮಾಡಿದಷ್ಟೇ ಪ್ರತಿಫಲವು ದೊರೆಯುವಂತೆ ನೋಡಿಕೊಂಡರೆಂದೂ ಪ್ರತೀತಿ. ಫಾಲ್ಗುಣದ ಜಾತ್ರೆಗೆ ಬರುವ ಲಕ್ಷಾಂತರ ಭಕ್ತರು ಸ್ವಾಮಿಗಳನ್ನು ಪವಾಡಪುರುಷರೆಂದು ಪೂಜಿಸುವರಾದರೂ, ಅವರನ್ನು ಕೆರೆಗಳ ಮೇಸ್ತ್ರಿಗಳೆಂದು ಸ್ಮರಿಸುವುದು ನನಗೆ ಹೆಚ್ಚು ಪ್ರಿಯ. ಆ ಕೆರೆಗಳನ್ನು ನಡೆಸಿಕೊಂಡು ಬಂದ ನೀರಗಂಟಿಗಳು, ಏರಿಯ ಮಣ್ಣನ್ನು ಕಟ್ಟಿದ ಬೋವಿಗಳು, ಕೋಡಿಯ ಕಲ್ಲನ್ನು ಕೂರಿಸಿದ ಕಲ್ಲುಕುಟಿಗರು, ಇವರಿಗೆಲ್ಲ ಪಾಠಶಾಲೆಯಿರಲಿಲ್ಲ. ತಂದೆಯ ಬೆನ್ನಿಗೆ ಮಗ ಹೋಗಿ, ತೂಬಿನ ಗಟವನ್ನು ಎಷ್ಟು ಎತ್ತಿದರೆ ಎಷ್ಟು ನೀರು, ಏರಿಯ ಹಿಂಬದಿಯ ಹುಲ್ಲು ಬೇಸಗೆಯಲ್ಲಿಯೂ ಹಸುರಾಗಿದ್ದರೆ ಎಲ್ಲಿ ಸೋರುತ್ತಿದೆ ಎಂಬುದನ್ನು ಕಣ್ಣಾರೆ ಕಂಡು ಕಲಿಯುತ್ತಿದ್ದನು. ಈ ಪರಂಪರೆಯನ್ನು ಆದರ್ಶೀಕರಿಸುವುದು ನನ್ನ ಅಭಿಪ್ರಾಯವಲ್ಲ. ಜಾತಿಗೆ ಕಟ್ಟಿಹಾಕಿದ ವಿದ್ಯೆ ಜಾತಿಯ ಕಷ್ಟಗಳನ್ನೂ ಹೊತ್ತಿತ್ತು. ಮಣ್ಣು ಹೊತ್ತವರ ಮಕ್ಕಳಿಗೆ ಆ ಕೆರೆಯ ಕೆಳಗೆ ಗುಂಟೆ ಗದ್ದೆಯೂ ಇರುತ್ತಿರಲಿಲ್ಲವೆಂಬುದು ಸುಳ್ಳಲ್ಲ. ಆದರೂ ಹರಿವ ನೀರಿನ ಮುಂದೆ ನಿಂತು ಕಲಿತ ಕಲಿಕೆ ಅದಾಗಿತ್ತೆಂಬುದನ್ನು ಒಪ್ಪಬೇಕು.

ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಇಲ್ಲಿಯ ಕೆರೆಗಳ ಸಾಲುಗಳನ್ನು ಕಂಡು, ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕೆಂಬ ಅರ್ಥದಲ್ಲಿ ಬೆರಗಾದನು. ಆದರೆ ಅಲ್ಲಿಂದೀಚೆಗೆ ಕೆರೆಯ ವಿದ್ಯೆ ಕ್ರಮೇಣ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರ್‌ನ ಕೈಸೇರಿತು. ಊರಿನವನು ಕೆಲಸಗಾರನಾಗಿ ಉಳಿದನೇ ಹೊರತು ನಿರ್ಣಯ ಹೇಳುವವನಾಗಿ ಉಳಿಯಲಿಲ್ಲ. ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸಸಾಗರವು ಈ ಹೊಸ ಶಾಸ್ತ್ರದ ಗರ್ವವೂ ಹೌದು, ಅದರ ಮಿತಿಯ ನಿದರ್ಶನವೂ ಹೌದು: 1933ರಲ್ಲಿ ತುಂಬಿ ಕೋಡಿ ಬಿದ್ದ ಆ ಸಾಗರವು ಮತ್ತೆ ಕೋಡಿ ಬೀಳುವುದಕ್ಕೆ 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಮೇಲಣ ಜಲಾನಯನದ ಸಾವಿರ ಸಣ್ಣ ಹಳ್ಳಗಳ ಗತಿ ಏನಾಯಿತೆಂಬುದು ಅಷ್ಟು ಕಾಲ ಅಣೆಕಟ್ಟೆಯ ಮೇಲೆ ನಿಂತು ನೋಡುವವರ ಚಿಂತೆಯಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ಈ ಸೀಮೆಗೆ ಸಮೀಪದಲ್ಲಿ ನಿಜವಾದ ಶಿಕ್ಷಣಕೇಂದ್ರವೆಂದು ಹೇಳಬಹುದಾದುದು 1954ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ಮಣ್ಣು ಸಂರಕ್ಷಣೆಯ ಸಂಶೋಧನೆ, ಪ್ರಾತ್ಯಕ್ಷಿಕೆ ಮತ್ತು ತರಬೇತಿ ಕೇಂದ್ರ. ಡೆಹ್ರಾಡೂನಿನ ಜೊತೆಗೆ ದೇಶದ ಬೇರೆಬೇರೆ ಮಣ್ಣಿನ ವಲಯಗಳಲ್ಲಿ ಆಗ ತೆರೆದ ಕೇಂದ್ರಗಳಲ್ಲಿ ಇದೊಂದು. ದಖ್ಖನಿನ ಎರೆಭೂಮಿ ಇದರ ಪಾಲಿಗೆ ಬಂದಿತು. ಸಮಪಾತಳಿಯ ಬದು ಯಾವಾಗ ಉಪಕಾರಿ, ಯಾವಾಗ ಎರೆಯಲ್ಲಿ ನೀರು ನಿಂತು ಒಡೆದು ಅಪಾಯಕಾರಿ ಎಂಬಂಥ, ನೆಲಕ್ಕೆ ಸಂಬಂಧಪಟ್ಟ ತಿಳಿವನ್ನು ಕೂಡಿಹಾಕಿದವರಲ್ಲಿ ಈ ಕೇಂದ್ರದವರು ಮುಖ್ಯರು. ಇವರೇ ಮುಂದೆ ಚಿತ್ರದುರ್ಗ ಜಿಲ್ಲೆಯ ಜಿ.ಆರ್. ಹಳ್ಳಿಯಲ್ಲಿ ಕೆಂಪುಮಣ್ಣಿಗೆ ತಕ್ಕ ಜಲಾನಯನದ ಮಾದರಿಯೊಂದನ್ನು ನಡೆಸಿದರು. ಎರೆಯಲ್ಲಿ ಕಲಿತದ್ದನ್ನು ಮಸಾರಿಗೆ ಹಾಗೆಯೇ ಹೊರಿಸಬಾರದು, ನೆಲ ಬದಲಾದರೆ ಪಾಠವೂ ಬದಲಾಗಬೇಕು ಎಂಬುದನ್ನು ಕಾರ್ಯತಃ ಒಪ್ಪಿಕೊಂಡಂತಾಯಿತು. ತರಬೇತಿಯ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆಮೇಲೆ ಬಂದ ಯೋಜನೆಗಳ ಹೆಸರುಗಳನ್ನು ಹೇಳಿ ಮುಂದೆ ಸಾಗುತ್ತೇನೆ. 1973ರ ಸುಮಾರಿಗೆ ಬರಪ್ರದೇಶಾಭಿವೃದ್ಧಿ; ಈ ಶತಮಾನದ ಆರಂಭದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ; ಕೆರೆಗಳಿಗೆ ಮೀಸಲಾದ ಜಲಸಂವರ್ಧನೆ ಯೋಜನಾ ಸಂಘ; ಉದ್ಯೋಗಖಾತರಿ. ಸುಜಲದಲ್ಲಿ ಊರಿನ ಗುಂಪುಗಳಿಗೆ ಸ್ವಯಂಸೇವಾ ಸಂಸ್ಥೆಗಳು ಪಾಠ ಹೇಳಿದವು, ಉಪಗ್ರಹದ ಚಿತ್ರಗಳಿಂದ ಫಲವನ್ನು ಅಳೆಯುವ ಪ್ರಯತ್ನವೂ ನಡೆಯಿತು. ಆದರೆ ಈ ಯೋಜನೆಗಳ ತರಬೇತಿಯಲ್ಲಿ ಬಹುಮಟ್ಟಿಗೆ ಕಲಿಸಿದ್ದು ಗುಂಪು ರಚನೆ, ಠರಾವು, ಅಳತೆಪುಸ್ತಕ, ಬಿಲ್ಲು. ಇವು ಬೇಡವೆನ್ನಲಾರೆ, ಲೆಕ್ಕ ತಪ್ಪಿದರೆ ಕೂಲಿ ಸಿಗದು. ಆದರೆ ಅಳತೆಪುಸ್ತಕದಲ್ಲಿ ಬರೆಯಬಹುದಾದುದು ಕಟ್ಟಡದ ಘನಮೀಟರು ಮಾತ್ರ. ಹಳ್ಳದ ನಡವಳಿಕೆಯನ್ನು ಬರೆಯುವುದಕ್ಕೆ ಅದರಲ್ಲಿ ಕಲಮೇ ಇಲ್ಲ. ಕಲಿಸಿದ್ದು ಕಟ್ಟುವುದನ್ನು, ಕಟ್ಟಿದ ಮೇಲೆ ನೋಡುವುದನ್ನಲ್ಲ.

ಇದರ ಫಲವನ್ನು ಹತ್ತಿರದಿಂದ ನೋಡಬೇಕಾದರೆ ಕಾವಲಿನ ಅಂಚಿನ ಯಾವುದಾದರೊಂದು ಹಳ್ಳದಲ್ಲಿ ಹದಿನೈದು ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಚೆಕ್‌ಡ್ಯಾಮಿನ ಬಳಿ ನಿಂತರೆ ಸಾಕು. ಸಿಮೆಂಟಿನ ಗೋಡೆ ನಡುಹಳ್ಳದಲ್ಲಿ ಗಟ್ಟಿಯಾಗಿಯೇ ನಿಂತಿರುತ್ತದೆ. ಮೇಲ್ಗಡೆ ಹೂಳು ಗೋಡೆಯ ತಲೆಯವರೆಗೆ ತುಂಬಿ, ಅದರ ಮೇಲೆ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಒಂದು ಮಗ್ಗುಲಲ್ಲಿ ರೆಕ್ಕೆಗೋಡೆಯನ್ನು ದಂಡೆಯೊಳಕ್ಕೆ ಸಾಕಷ್ಟು ಹುಗಿಯದೆ ಬಿಟ್ಟಿದ್ದರಿಂದ ನೀರು ಗೋಡೆಯನ್ನು ಬಳಸಿ, ದಂಡೆಯನ್ನು ಕೊರೆದು, ಹೊಸ ದಾರಿಯನ್ನೇ ಮಾಡಿಕೊಂಡಿರುತ್ತದೆ. ಕೆಳಗಡೆ ಹೋಗಿ ನೋಡಿದರೆ ಬುನಾದಿಯ ಕಲ್ಲುಗಳು ಹೊರಬಿದ್ದು, ಹಳ್ಳದ ತಳವು ಮೊದಲಿಗಿಂತ ಒಂದಾಳು ಆಳಕ್ಕೆ ಇಳಿದಿರುವುದೂ ಉಂಟು. ಕಾರಣ ಸರಳವಾದುದು: ಗೋಡೆಯ ಹಿಂದೆ ತನ್ನ ಹೂಳನ್ನು ಇಳಿಸಿ ಹಗುರಾದ ನೀರು, ಎತ್ತರದಿಂದ ಧುಮುಕಿದ ರಭಸದೊಡನೆ, ಕೆಳಗಿನ ಮರಳನ್ನು ಎತ್ತಿಕೊಂಡು ಹೋಗುವ ಸಾಮರ್ಥ್ಯವನ್ನು ಪಡೆಯುತ್ತದೆ, ತಳ ಇಳಿದಂತೆ ಎರಡೂ ಕಡೆಯ ಸಣ್ಣ ಸರುವುಗಳು ಆ ಹೊಸ ಆಳವನ್ನು ಮುಟ್ಟಲು ಹಿಮ್ಮುಖವಾಗಿ ಕೊರೆಯತೊಡಗಿ, ಕೊರಕಲು ಹೊಲದವರೆಗೂ ಹತ್ತುತ್ತದೆ. ಇದನ್ನು ಬಲ್ಲ ಇಂಜಿನಿಯರು ಇಲ್ಲವೆಂದಲ್ಲ. ಆದರೆ ಕಟ್ಟಿದ ಮೂರನೆಯ ಮಳೆಗಾಲದಲ್ಲಿ ಬಂದು ನೋಡಿ ಹೋಗಬೇಕೆಂಬ ನಿಯಮ ಯಾರ ನೌಕರಿಯಲ್ಲಿಯೂ ಇಲ್ಲ, ಯಾರ ತರಬೇತಿಯಲ್ಲಿಯೂ ಇಲ್ಲ.

ಪಾಶ್ಚಾತ್ಯರಲ್ಲಿ ಹಳ್ಳದ ಪುನರುಜ್ಜೀವನವೆಂಬುದು ಕಳೆದ ನಾಲ್ಕು ದಶಕಗಳಲ್ಲಿ ಒಂದು ಪ್ರತ್ಯೇಕ ವೃತ್ತಿಯಾಗಿ, ಅದಕ್ಕೆ ಪಾಠಕ್ರಮವೂ ಪ್ರಮಾಣಪತ್ರವೂ ಏರ್ಪಟ್ಟಿವೆ. ಅಮೆರಿಕದ ಡೇವ್ ರೋಸ್‌ಗೆನ್ ಎಂಬ ಜಲವಿಜ್ಞಾನಿ ತೊರೆಗಳನ್ನು ಅವುಗಳ ಆಕಾರದಿಂದ, ಅಂದರೆ ಅಗಲ, ಆಳ, ಬಳುಕು, ಇಳಿಜಾರು, ತಳದ ಕಲ್ಲುಮಣ್ಣುಗಳಿಂದ, ವರ್ಗೀಕರಿಸಿ, ಕೆಟ್ಟ ತೊರೆಯನ್ನು ಅದರ ಸಹಜವಾದ ಆಕಾರಕ್ಕೆ ಮರಳಿಸುವ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ತರಗತಿಗಳನ್ನು ನಡೆಸಿದನು. ಸರ್ಕಾರಿ ಇಲಾಖೆಗಳವರೂ ಗುತ್ತಿಗೆದಾರರೂ ಅಲ್ಲಿ ಕಲಿತರು. ಆಕಾರವನ್ನು ನೋಡಿ ಕ್ರಿಯೆಯನ್ನು ಮರೆಯುವ ಅಪಾಯ ಇದರಲ್ಲಿದೆಯೆಂದು ವಿಶ್ವವಿದ್ಯಾಲಯಗಳ ಭೂರೂಪವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. ಆ ವಾದ ಇನ್ನೂ ನಿಂತಿಲ್ಲ. ನಮ್ಮ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆಯುಂಟು. ಆ ಪಾಠದ ಬಹುಭಾಗವು ಬಾರಾಮಾಸ ಹರಿಯುವ ತೊರೆಗಳಿಗೆ, ದಡದವರೆಗೆ ತುಂಬಿ ಹರಿಯುವ ನೆರೆ ಒಂದೆರಡು ವರ್ಷಕ್ಕೊಮ್ಮೆ ಬರುತ್ತದೆಂಬ ಲೆಕ್ಕಾಚಾರಕ್ಕೆ ಹೊಂದಿದ್ದು; ನಾಲ್ಕು ವರ್ಷ ಬಂದೂ ಬಾರದೆ ಐದನೆಯ ವರ್ಷ ಒಂದು ರಾತ್ರಿಯಲ್ಲಿ ಎಲ್ಲವನ್ನೂ ತಂದುಬಿಡುವ ಚಳ್ಳಕೆರೆಯ ಹಳ್ಳಕ್ಕೆ ಆ ಲೆಕ್ಕವನ್ನು ಹೊಂದಿಸುವುದು ಕಷ್ಟ. ಕ್ಷಣಿಕವಾಗಿ ಹರಿಯುವ ಹಳ್ಳಗಳ ನಿಯಮಗಳೇ ಬೇರೆಯೆಂಬುದನ್ನು ಲೂನಾ ಲಿಯೊಪೋಲ್ಡ್ ಮತ್ತು ಮಿಲ್ಲರ್ ಎಂಬ ವಿದ್ವಾಂಸರು ನ್ಯೂಮೆಕ್ಸಿಕೋ ಪ್ರಾಂತದ ಒಣಹಳ್ಳಗಳನ್ನಾಧರಿಸಿ 1956ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಅದೇ ನ್ಯೂಮೆಕ್ಸಿಕೋದಲ್ಲಿ ಬಿಲ್ ಝೀಡಿಕ್ ಎಂಬ ನಿವೃತ್ತ ಅರಣ್ಯಾಧಿಕಾರಿ ದನಗಾರರಿಗೂ ಹುಲ್ಲುಗಾವಲಿನ ಒಡೆಯರಿಗೂ ಕಲಿಸಿದ ರೀತಿ ನಮ್ಮ ಕಾವಲುಗಳಿಗೆ ಎಷ್ಟೋ ಸಮೀಪವಾದುದು. ಆತನ ಕಟ್ಟೆಗೆ ಸಿಮೆಂಟಿಲ್ಲ. ಹಳ್ಳದ ತಳದಲ್ಲಿ ಅಡ್ಡಲಾಗಿ, ಒಂದೇ ಕಲ್ಲಿನ ಎತ್ತರಕ್ಕೆ, ಹಲವು ಸಾಲುಗಳಲ್ಲಿ ಕಲ್ಲುಗಳನ್ನು ಒತ್ತೊತ್ತಾಗಿ ಹಾಸುವುದು. ಕಲ್ಲಿನ ಮೇಲೆ ಕಲ್ಲನ್ನು ಏರಿಸಬಾರದೆಂಬುದೇ ನಿಯಮ. ನೀರು ಅದರ ಮೇಲೆಯೇ ಹರಿದುಹೋಗುತ್ತದೆ, ಆದರೆ ಸ್ವಲ್ಪ ತಡೆದು. ತಡೆದಾಗ ಒಂದಿಷ್ಟು ಮೆಕ್ಕಲು ಕಲ್ಲಿನ ಸಂದಿಗಳಲ್ಲಿ ಕೂರುತ್ತದೆ. ಮೆಕ್ಕಲಿನಲ್ಲಿ ಹುಲ್ಲು ಹುಟ್ಟುತ್ತದೆ. ಹುಲ್ಲಿನ ಬೇರು ಕಲ್ಲನ್ನು ಹಿಡಿಯುತ್ತದೆ. ಮುಂದಿನ ವರ್ಷ ಅವಶ್ಯವಾದರೆ ಅದರ ಮೇಲ್ಗಡೆ ಇನ್ನೊಂದು. ಇದನ್ನು ಮಾಡುವುದಕ್ಕೆ ಬೇಕಾದುದು ಕಲ್ಲು, ನಾಲ್ಕು ಕೈಗಳು ಮತ್ತು ಎಲ್ಲಿ ಹಾಸಬೇಕೆಂಬ ವಿವೇಚನೆ; ಮೂರನೆಯದೇ ವಿದ್ಯೆ. ನಮ್ಮಲ್ಲಿ ಬೋಲ್ಡರ್ ಚೆಕ್ ಎಂದು ಕರೆಯುವ ರಚನೆ ಇದರ ನೆಂಟನಾದರೂ, ಅಂದಾಜುಪಟ್ಟಿಯ ಆಸೆಗೆ ಅದು ಎತ್ತರವಾಗುತ್ತ ಹೋಗುತ್ತದೆ. ಕುಮುದ್ವತಿ, ವೇದಾವತಿಗಳ ಜಲಾನಯನಗಳಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯವರು ಉದ್ಯೋಗಖಾತರಿಯ ಹಣವನ್ನು ಜೋಡಿಸಿಕೊಂಡು ಇಂಥ ಕಲ್ಲುತಡೆಗಳನ್ನೂ ಇಂಗುಬಾವಿಗಳನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿಸಿದ್ದುಂಟು; ಸಿಮೆಂಟಿನ ಮೋಹವನ್ನು ಕಡಮೆ ಮಾಡಿದ್ದರ ಮಟ್ಟಿಗೆ ಅದು ಸ್ತುತ್ಯ.

ಕಾವಲೆಂದ ಮೇಲೆ ಹುಲ್ಲಿನ ಮಾತನ್ನು ವಿಸ್ತರಿಸಲೇಬೇಕು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ್‌ಮಹಲ್ ಎಂಬ ಹೆಸರು ಪಡೆದ ಇಲಾಖೆಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು ಇವು. ಇಲ್ಲಿಯ ಮ್ಯಾಸಬೇಡರ ದೇವರ ಎತ್ತುಗಳೂ, ಕುರುಬರ ಕುರಿಗಳೂ, ಆ ಕುರಿಯ ಉಣ್ಣೆಯ ಕಂಬಳಿಯೂ ಈ ಹುಲ್ಲನ್ನೇ ನಂಬಿದ್ದವು. ಹುಲ್ಲು ದಟ್ಟವಾಗಿರುವ ಇಳಿಜಾರಿನಲ್ಲಿ ಮಳೆನೀರು ತೆಳುವಾದ ಹಾಸಾಗಿ ಹರಿದು ಅಲ್ಲಲ್ಲಿಯೇ ಇಂಗುತ್ತದೆ. ಹುಲ್ಲು ಸವೆದು ನೆಲ ಬತ್ತಲಾದಲ್ಲಿ ಅದೇ ನೀರು ಎಳೆಗಳಾಗಿ ಕೂಡಿ ಕೊರಕಲಾಗುತ್ತದೆ. ಆದುದರಿಂದ ಹಳ್ಳದ ಚಿಕಿತ್ಸೆ ಹಳ್ಳದಲ್ಲಿ ಆರಂಭವಾಗತಕ್ಕದ್ದಲ್ಲ, ಅದರ ಮೇಲಣ ಹುಲ್ಲಿನಲ್ಲಿ. ಯಾವ ತಿಂಗಳು ಯಾವ ಮಗ್ಗುಲನ್ನು ಮೇಯಿಸಬಾರದು, ಯಾವ ಗೋಕಟ್ಟೆಯ ನೀರನ್ನು ಮೊದಲು ಕುಡಿಸಬೇಕು, ಯಾವುದನ್ನು ಬೇಸಗೆಗೆ ಉಳಿಸಬೇಕು ಎಂಬುದನ್ನು ಬಲ್ಲವನು ಎತ್ತುಗಳ ಹಿಂದೆ ತಿರುಗುವ ಕಿಲಾರಿ. ಆತನಿಗೆ ಜಲಾನಯನವೆಂಬ ಶಬ್ದ ತಿಳಿದಿರಲಾರದು, ಆದರೆ ಅದರ ಎಲ್ಲೆಯನ್ನು ಆತ ದಿನವೂ ನಡೆಯುತ್ತಾನೆ.

2008ರ ಈಚೆಗೆ ಇಲ್ಲಿಯ ಸುಮಾರು 10,000 ಎಕರೆ ಕಾವಲುಭೂಮಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಹಂಚಿಕೆಯಾಯಿತು. ವಿವಾದವು ಚೆನ್ನೈನ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. 2017ರ ಮೇ ತಿಂಗಳಲ್ಲಿ ವರವು ಕಾವಲಿನಲ್ಲಿ ವಿಮಾನಪರೀಕ್ಷಾ ಕ್ಷೇತ್ರದ ಉದ್ಘಾಟನೆಯೂ ಆಯಿತು. ದೇಶಕ್ಕೆ ಅವುಗಳ ಅಗತ್ಯವಿಲ್ಲವೆಂದು ವಾದಿಸುವುದು ಇಲ್ಲಿಯ ಪ್ರಮೇಯವಲ್ಲ. ಆದರೆ ಇಳಿಜಾರಿಗೆ ಅಡ್ಡವಾಗಿ ಉದ್ದನೆಯ ಗೋಡೆ ಎದ್ದಲ್ಲಿ, ಹಾಸಾಗಿ ಹರಿಯುತ್ತಿದ್ದ ನೀರು ಗೋಡೆಯಗುಂಟ ಕೂಡಿ, ಸಿಕ್ಕ ಮೋರಿಯೊಳಗೆ ನುಗ್ಗಿ, ಅದರ ಕೆಳಗೆ ಕೊರಕಲನ್ನು ಹುಟ್ಟಿಸುವುದು ಭೌತಶಾಸ್ತ್ರದ ನಿಯಮ; ಗೋಡೆಯ ಒಳಗಿನವರು ಎಂಥ ವಿಜ್ಞಾನಿಗಳಾದರೂ ನೀರು ದಾಕ್ಷಿಣ್ಯ ತೋರಿಸುವುದಿಲ್ಲ. ಗೋಡೆಯ ಗುತ್ತಿಗೆದಾರನಿಗೂ ಹಳ್ಳದ ಪಾಠವೊಂದು ಬೇಕೆಂಬುದು ನಮ್ಮ ಯಾವ ಪಾಠಕ್ರಮದಲ್ಲಿಯೂ ಕಾಣಿಸಿಲ್ಲ.

ಇನ್ನು ನೀರಿನ ಗುಣ. ಈ ಜಿಲ್ಲೆಯ ಗಟ್ಟಿಶಿಲೆಯೊಳಗಿನ ನೀರಿನಲ್ಲಿ ಫ್ಲೋರೈಡಿನ ಬಾಧೆಯುಂಟು. ಗ್ರಾನೈಟು, ನೈಸ್ ಶಿಲೆಗಳ ಕೆಲವು ಖನಿಜಗಳಿಂದ ಅದು ಕರಗಿ ಬರುತ್ತದೆ. ನೀರು ಆಳದಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದಂಶ ಕಡಮೆಯಾದಷ್ಟೂ ಹೆಚ್ಚುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಹಳೆಯ ನೀರನ್ನು ಎತ್ತುತ್ತಿದ್ದೇವೆಂದು ಅರ್ಥ. ಭಾರತದಲ್ಲಿ ಫ್ಲೋರೋಸಿಸ್ ರೋಗವನ್ನು ವೈದ್ಯರು ಮೊದಲು ವರ್ಣಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಅಪೇಕ್ಷಣೀಯ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5; ನೈಟ್ರೇಟಿಗೆ 45, ಅದಕ್ಕೆ ಸಡಿಲಿಕೆಯಿಲ್ಲ. ಫ್ಲೋರೈಡ್ ಶಿಲೆಯ ದೋಷ, ನೈಟ್ರೇಟು ಬಹುಮಟ್ಟಿಗೆ ನಮ್ಮದೇ: ತಿಪ್ಪೆ, ಶೌಚದ ಗುಂಡಿ, ಯೂರಿಯಾ.

2019ರಲ್ಲಿ ಘೋಷಿತವಾದ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾಪೆಟ್ಟಿಗೆಯನ್ನು ಬಳಸುವ ತರಬೇತಿ ಕೊಡಬೇಕೆಂಬ ವಿಧಿಯಿದೆ. ಜಲಗುಣದ ಶಿಕ್ಷಣದಲ್ಲಿ ಇದುವರೆಗೆ ಆಗಿರುವ ಅತ್ಯಂತ ವಿವೇಕದ ಕ್ರಮ ಇದೆಂದು ನನ್ನ ಎಣಿಕೆ. ನಲ್ಲಿಯ ನೀರನ್ನು ಗೆರೆಯವರೆಗೆ ಹಿಡಿದು, ಅದಕ್ಕೆ ಎಣಿಸಿದಷ್ಟು ಹನಿ ದ್ರಾವಣ ಹಾಕಿ, ಅಲ್ಲಾಡಿಸಿ, ಬಣ್ಣದ ಪಟ್ಟಿಯ ಪಕ್ಕದಲ್ಲಿ ಹಿಡಿದು ನೋಡಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಕರಗಿ ಹಳದಿಯ ಕಡೆಗೆ ತಿರುಗುತ್ತದೆ. ಮಲಸಂಬಂಧದ ಕ್ರಿಮಿಗಳಿದ್ದರೆ ಇನ್ನೊಂದು ಸೀಸೆಯಲ್ಲಿಟ್ಟ ನೀರು ಒಂದೆರಡು ದಿನದೊಳಗೆ ಕಪ್ಪಾಗುತ್ತದೆ. ಅಕ್ಷರ ಬಾರದವರೂ ಕಲಿಯಬಹುದಾದ ಕೆಲಸ. ತೊಡಕಿರುವುದು ಆಮೇಲೆ. ಸೀಸೆ ಕಪ್ಪಾದ ಮೇಲೆ ಆ ಹೆಣ್ಣುಮಗಳು ಯಾರಿಗೆ ಹೇಳಬೇಕು, ಯಾವ ಪೈಪು ಎಲ್ಲಿ ಚರಂಡಿಯನ್ನು ದಾಟುತ್ತದೆಂಬುದನ್ನು ಹೇಗೆ ಹುಡುಕಬೇಕು, ಬಾವಿಯ ಮೇಲಣ ಹಳ್ಳದಲ್ಲಿ ಏನು ಸುರಿಯುತ್ತಿದ್ದಾರೆಂಬುದನ್ನು ಹೇಗೆ ನೋಡಬೇಕು, ಇದನ್ನು ಪೆಟ್ಟಿಗೆ ಕಲಿಸುವುದಿಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರನ್ನು ಕುಡಿದು ಜನ ಸತ್ತರು. ಅದು ಜಿಲ್ಲಾಕೇಂದ್ರವೇ ಆಗಿತ್ತು, ಕುಗ್ರಾಮವಲ್ಲ.

ಹಳ್ಳದ ವಿದ್ಯೆಯೂ ಗುಣದ ವಿದ್ಯೆಯೂ ಒಂದನ್ನೊಂದು ಮುಟ್ಟುವ ಸ್ಥಳವೆಂದರೆ ಜಲಮರುಪೂರಣ. ಚಿತ್ರದುರ್ಗದ ಭೂಜಲತಜ್ಞ ಎನ್.ಜೆ. ದೇವರಾಜರೆಡ್ಡಿಯವರು ಬತ್ತಿದ ಕೊಳವೆಬಾವಿಗಳಿಗೆ ಮಳೆನೀರನ್ನು ಇಳಿಸುವ ಕ್ರಮವನ್ನು ರೈತರ ಹೊಲಗಳಲ್ಲಿಯೇ ಮಾಡಿ ತೋರಿಸಿ ಹರಡಿದವರು. ಕೇಸಿಂಗ್ ಕೊಳವೆಯ ಸುತ್ತ ಗುಂಡಿ ತೆಗೆದು, ಕೊಳವೆಗೆ ತೂತು ಕೊರೆದು, ಜಾಲರಿ ಸುತ್ತಿ, ದಪ್ಪಕಲ್ಲು, ಸಣ್ಣಕಲ್ಲು, ಜಲ್ಲಿ, ಮರಳು ಎಂಬ ಕ್ರಮದಲ್ಲಿ ಪದರಗಳನ್ನು ತುಂಬುವುದು ಅದರ ಮೂಲಸ್ವರೂಪ. ಹೊಸ ಮಳೆನೀರು ಬೆರೆತರೆ ಫ್ಲೋರೈಡಿನ ಸಾಂದ್ರತೆ ಇಳಿಯುವುದಕ್ಕೂ ಅವಕಾಶವುಂಟು. ಆದರೆ ಮರಳಿನ ಪದರವನ್ನು ಕೈಬಿಟ್ಟು ದುಡ್ಡು ಮಿಗಿಸಿದವನು, ಅಥವಾ ಔಷಧಿ ಹೊಡೆದ ಹೊಲದ, ದನದ ಕೊಟ್ಟಿಗೆಯ ನೀರನ್ನು ನೇರವಾಗಿ ಗುಂಡಿಗೆ ತಿರುಗಿಸಿದವನು, ಇಡೀ ಊರಿನ ಅಂತರ್ಜಲಕ್ಕೆ ವಿಷವಿಕ್ಕಿದಂತಾಗುತ್ತದೆ. ನೆಲದ ಮೇಲೆ ಕೊಳೆತ ನೀರು ಒಂದು ಬೇಸಗೆಯಲ್ಲಿ ಒಣಗಬಹುದು, ಬಂಡೆಯ ಬಿರುಕಿಗೆ ಇಳಿದದ್ದನ್ನು ಹೊರತೆಗೆಯುವುದು ದುಸ್ಸಾಧ್ಯ. ಮರುಪೂರಣದ ಪಾಠದಲ್ಲಿ ಪರೀಕ್ಷಾಪೆಟ್ಟಿಗೆಯೂ ಇರತಕ್ಕದ್ದು. ಶುದ್ಧ ನೀರಿನ ಘಟಕಗಳ ವಿಷಯದಲ್ಲಿಯೂ ಹೀಗೆಯೇ: ಬಿಂದಿಗೆಗೆ ಶುದ್ಧನೀರು ಬಂದಿತೆಂದು ಸಮಾಧಾನಪಟ್ಟು, ಘಟಕವು ಹಿಂದಿನ ಕೊಳವೆಯಲ್ಲಿ ಹೊರಹಾಕುವ ಉಪ್ಪುಫ್ಲೋರೈಡುಗಳ ಸಾಂದ್ರಜಲ ಯಾವ ಹಳ್ಳಕ್ಕೆ ಹೋಯಿತೆಂದು ಕೇಳುವವರು ವಿರಳ.

ಸಂಸ್ಥೆಗಳಿಗೆ ಕೊರತೆಯೇನೂ ಇಲ್ಲ. ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಿದೆ; ಮೈಸೂರಿನಲ್ಲಿ, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ ನೀರ್ ಸಾಬ್ ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ; ಅಟಲ್ ಭೂಜಲ ಯೋಜನೆಯವರು ಈ ಜಿಲ್ಲೆಯಲ್ಲಿಯೂ ನೀರಿನ ಆಯವ್ಯಯ ಬರೆಯುವುದನ್ನು ಪಂಚಾಯತಿಗಳಿಗೆ ಕಲಿಸಿದ್ದಾರೆ. ಮಹಾರಾಷ್ಟ್ರದ ಪಾನಿ ಫೌಂಡೇಶನ್ 2016ರಿಂದ ಊರೂರುಗಳ ನಡುವೆ ಸ್ಪರ್ಧೆ ಹೂಡಿ ಶ್ರಮದಾನದ ತರಬೇತಿಯನ್ನು ಹಬ್ಬವಾಗಿಸಿತು. ಹಬ್ಬ ಮುಗಿದ ಮೇಲೆ ನಿರ್ವಹಣೆಯ ಪ್ರಶ್ನೆ ಅಲ್ಲಿಯೂ ತಪ್ಪಲಿಲ್ಲ. ದೂರದ ಊರಿನ ಸಭಾಂಗಣದಲ್ಲಿ ಮೂರು ದಿನ ಪರದೆಯ ಮೇಲೆ ಚಿತ್ರಗಳನ್ನು ನೋಡಿ, ಚೀಲ ಮತ್ತು ಪ್ರಮಾಣಪತ್ರದೊಡನೆ ಮರಳುವವರಿಗೆ ಊಟ ಚೆನ್ನಾಗಿತ್ತೆಂಬುದು ನೆನಪಿರುತ್ತದೆ.

ನನ್ನ ಅಭಿಮತದಲ್ಲಿ ಈ ಶಿಕ್ಷಣವು ವರ್ಷಕ್ಕೆರಡು ಬಾರಿ, ಕಾವಲಿನಲ್ಲಿಯೇ ನಡೆಯತಕ್ಕದ್ದು: ಒಮ್ಮೆ ವೈಶಾಖದಲ್ಲಿ, ತಳವೂ ಕೊರಕಲೂ ಬಟಾಬಯಲಾಗಿ ಕಾಣುವಾಗ, ಒಮ್ಮೆ ಹಸ್ತದ ಮಳೆಯ ಮರುದಿನ, ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ದಂಡೆಯ ಕಸಕಡ್ಡಿಗಳು ಇನ್ನೂ ತೋರಿಸುತ್ತಿರುವಾಗ. ಬಳ್ಳಾರಿಯ ಕೇಂದ್ರದ ವಿಜ್ಞಾನಿಯ ಜೊತೆಗೆ ಕಿಲಾರಿಯೊಬ್ಬನೂ ಪರೀಕ್ಷಾಪೆಟ್ಟಿಗೆ ಹಿಡಿದ ಮಹಿಳೆಯೊಬ್ಬಳೂ ಪಾಠ ಹೇಳಬೇಕು. ಅವರಿಗೂ ವಿಜ್ಞಾನಿಗೆ ಕೊಡುವಂತೆಯೇ ಸಂಭಾವನೆ ಸಲ್ಲಬೇಕು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಎಷ್ಟೋ ವರ್ಷಗಳಿಂದ ನಾಡಿನ ಶಾಲಾ ಕಾಲೇಜುಗಳ ವಿಜ್ಞಾನ ಅಧ್ಯಾಪಕರನ್ನು ಕರೆಸಿ ಪ್ರಯೋಗಶಾಲೆಯಲ್ಲಿ ಕಲಿಸುತ್ತಿದ್ದಾರೆ. ವಸತಿಯೂ ಪ್ರಯೋಗಶಾಲೆಯೂ ಹಳ್ಳವೂ ಒಂದೇ ಕಡೆ ಇರುವ ಅಂಥ ಸ್ಥಳ ರಾಜ್ಯದಲ್ಲಿ ಇನ್ನೊಂದನ್ನು ನಾನು ಕಾಣೆ. ಅಧ್ಯಾಪಕರ ಶಿಬಿರದ ಪಕ್ಕದಲ್ಲಿಯೇ ಜಲಕಾರ್ಯಕರ್ತರ ಶಿಬಿರವೊಂದನ್ನು ನಡೆಸುವುದಕ್ಕೆ ಹೊಸ ಕಟ್ಟಡವೂ ಬೇಡ.

ಆದರೆ ಕಲಿತವನಿಗೆ ಕೆಲಸವೆಲ್ಲಿ? ಉದ್ಯೋಗಖಾತರಿಯಡಿಯಲ್ಲಿ ಕೂಲಿ ಕುಟುಂಬಗಳ ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, 90 ದಿನ ಅಳತೆ, ನಕ್ಷೆ, ಅಂದಾಜುಗಳನ್ನು ಕಲಿಸಿ, ಬೇರ್‌ಫೂಟ್ ಟೆಕ್ನಿಷಿಯನ್ ಎಂದು ಹೆಸರಿಟ್ಟರು. ಕಲ್ಪನೆ ಉತ್ತಮವಾದುದು, ಬೋವಿಯ ಮಗಳು ತಂದೆಯ ಕೈಕೆಲಸವನ್ನು ಲೆಕ್ಕದ ಭಾಷೆಯಲ್ಲಿ ಬರೆಯುವಂತಾಗುವುದು ಸಣ್ಣ ಬದಲಾವಣೆಯಲ್ಲ. ಆದರೆ ಗೌರವಧನವು ಕಾಮಗಾರಿಗೆ ಅಂಟಿಕೊಂಡದ್ದು. ಕಾಮಗಾರಿ ನಿಂತ ತಿಂಗಳು ಅದೂ ನಿಲ್ಲುತ್ತದೆ, ಮತ್ತು ಹಳ್ಳವನ್ನು ನೋಡಬೇಕಾದುದು ಕಾಮಗಾರಿ ನಿಂತ ಮೇಲೆಯೇ. ಗ್ರಾಮ ಪಂಚಾಯತಿಗಳ ವೇತನಪಟ್ಟಿಯಲ್ಲಿ ಈಗ ತಿಂಗಳ ಸಂಬಳ ಪಡೆಯುವ ನೀರಿನ ನೌಕರನೊಬ್ಬನುಂಟು. ವಾಟರ್‌ಮನ್ ಎಂಬ ಹೆಸರಿನಿಂದ ಆತ ಮೋಟರು ಹಾಕಿ, ವಾಲ್ವು ತಿರುಗಿಸಿ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾನೆ. ತುಂಗಭದ್ರೆಯ ಹಿನ್ನೀರಿನಿಂದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಕುಡಿಯುವ ನೀರನ್ನು ತರುವ ಬಹುಗ್ರಾಮ ಯೋಜನೆ ಊರೂರಿಗೆ ಮುಟ್ಟಿದಂತೆ ಆತನ ಮೋಟರಿನ ಕೆಲಸ ಕಡಮೆಯಾಗಲಿದೆ, ಸ್ಥಳೀಯ ಬಾವಿಹಳ್ಳಗಳನ್ನು ಕೇಳುವವರೂ ಕಡಮೆಯಾಗಲಿದ್ದಾರೆ. ಮೊದಲ ಶಿಬಿರಕ್ಕೆ ಆತನನ್ನೇ ಕರೆಯಬೇಕೆಂದೂ, ತಾನು ನೀರೆತ್ತುವ ಬಾವಿಯ ಮೇಲಣ ಹಳ್ಳವನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ನಡೆದು ನೋಡಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವುದನ್ನು ಆತನ ಕರ್ತವ್ಯಪಟ್ಟಿಗೆ ಸೇರಿಸಿ, ಅದಕ್ಕಾಗಿ ಸಂಬಳವನ್ನು ಹೆಚ್ಚಿಸಬೇಕೆಂದೂ ನನ್ನ ಸೂಚನೆ. ಅದಕ್ಕೆ ಗ್ರಾಮ ಪಂಚಾಯತಿಯ ಒಂದು ಠರಾವು ಮತ್ತು ಜಿಲ್ಲಾ ಪಂಚಾಯತಿಯ ಒಂದು ಅನುಮೋದನೆ ಬೇಕಾಗುತ್ತದೆ.